ಯುರೋಪಿನ ಅರಣ್ಯನಾಶ ನಿಯಮ ಮತ್ತು ನಮ್ಮ ಕಾಫಿ ತೋಟಗಳು: ಸಾಬೀತುಪಡಿಸುವ ಹೊರೆ ಯಾರದು?

ಪ್ರಶ್ನೆ: ಮೂಡಿಗೆರೆ ಬೆಳೆಗಾರ

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ತೋಟವಿದೆ. ಅರೇಬಿಕಾ, ಸ್ವಲ್ಪ ರೋಬಸ್ಟಾ, ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು ಇಷ್ಟೇ ನಮ್ಮ ಬೆಳೆ. ಯುರೋಪಿಯನ್ ಒಕ್ಕೂಟವು 2023ರಲ್ಲಿ ತಂದಿರುವ ಅರಣ್ಯನಾಶ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಸ್ಥಳವನ್ನು ಅಕ್ಷಾಂಶ, ರೇಖಾಂಶದ ಸಮೇತ ತೋರಿಸಬೇಕು. ಬೆಳೆದ ದೇಶದ ಕಾನೂನುಗಳನ್ನು ಪಾಲಿಸಿಯೇ ಬೆಳೆದದ್ದೆಂದೂ ಖಚಿತಪಡಿಸಬೇಕು. ನಮ್ಮ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿಲ್ಲ, ಪೋಡಿಯೂ (ಜಮೀನನ್ನು ಅಳೆದು ಪ್ರತ್ಯೇಕ ಹಿಸ್ಸೆ ಮಾಡುವುದು) ಆಗಿಲ್ಲ. ಜಗತ್ತಿನ ಕಾಡು ಉಳಿಯಬೇಕೆಂಬ ಉದ್ದೇಶವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಬ್ರಸೆಲ್ಸ್‌ನಲ್ಲಿ ರೂಪಿಸಿದ ಇಂತಹ ಕಾನೂನು ನಮ್ಮಂತಹ ಕಡೆಯ ಸುಸ್ಥಿರ ಅಭಿವೃದ್ಧಿಗೆ ನಿಜವಾಗಿ ನೆರವಾಗುತ್ತದೆಯೇ, ಅಥವಾ ಅದರ ಹೊರೆ ಸಣ್ಣ ಬೆಳೆಗಾರನ ಮೇಲೆ ಬಂದು ನಿಲ್ಲುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಕ್ಯೂರಿಂಗ್ ಕೆಲಸದವನು, ಚಿಕ್ಕಮಗಳೂರು

ನಿಯಮ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟಕ್ಕೆ ಸುತ್ತಳತೆಯ ಗಡಿರೇಖೆಯನ್ನೇ ಕೊಡಬೇಕು. ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಆದ್ದರಿಂದ ಅಳತೆಯ ವಿಷಯದಲ್ಲಿ ನಿಮಗೆ ದೊಡ್ಡ ತೊಂದರೆ ಬರಲಾರದು. 2025ರ ಮೇ ತಿಂಗಳಿನಲ್ಲಿ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗವು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ಹೀಗಾಗಿ ನಮ್ಮ ದೇಶದ ಸರಕು ತರಿಸುವ ಆಮದುದಾರರ ಪೈಕಿ ಶೇ. 1ರಷ್ಟು ಮಂದಿಯನ್ನು ಮಾತ್ರ ಅಲ್ಲಿನ ಅಧಿಕಾರಿಗಳು ತಪಾಸಣೆ ಮಾಡಬೇಕಾಗುತ್ತದೆ. ಅಧಿಕ ಅಪಾಯದ ದೇಶಗಳಿಗೆ ಈ ಪ್ರಮಾಣ ಶೇ. 9.

ತೊಡಕು ಇರುವುದು ಸರಕು ಬೆರೆಯುವ ಹಂತದಲ್ಲಿ. ಹತ್ತಾರು ಬೆಳೆಗಾರರ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಮತ್ತು ಚೆರ್ರಿ (ಹಣ್ಣನ್ನೇ ಒಣಗಿಸಿದ ಕಾಫಿ) ಊರಿನ ವ್ಯಾಪಾರಿಯ ಗೋದಾಮಿನಲ್ಲಿ ಒಂದಾಗಿ ನಂತರ ಕ್ಯೂರಿಂಗ್‌ಗೆ, ಅಂದರೆ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕೆಲಸಕ್ಕೆ, ಬರುತ್ತದೆ. ಮೂಲ ಗೊತ್ತಿಲ್ಲದ ಕಾಫಿಯನ್ನು ಮೂಲ ಗೊತ್ತಿರುವುದರ ಜೊತೆ ಬೆರೆಸಿ ಪ್ರಮಾಣದ ಲೆಕ್ಕ ತೋರಿಸಲು ಈ ನಿಯಮದಲ್ಲಿ ಅವಕಾಶವೇ ಇಲ್ಲ. ರಾಶಿಯಲ್ಲಿ ಒಬ್ಬನ ಮಾಹಿತಿ ಇಲ್ಲದಿದ್ದರೂ ಇಡೀ ರಾಶಿ ಯುರೋಪಿಗೆ ಹೋಗುವಂತಿಲ್ಲ. ಹಾಗಾದಾಗ ರಫ್ತುದಾರನು ದಾಖಲೆ ಸಿದ್ಧವಿರುವ ದೊಡ್ಡ ಎಸ್ಟೇಟುಗಳಿಂದಲೇ ಖರೀದಿಸಲು ಮನಸ್ಸು ಮಾಡುತ್ತಾನೆ. ಭಾರತದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಮಂದಿ ಹತ್ತು ಹೆಕ್ಟೇರ್‌ಗಿಂತ ಕಡಿಮೆ ಹಿಡುವಳಿಯವರು ಎಂಬುದನ್ನು ನೆನೆದರೆ ಇದರ ಪರಿಣಾಮ ಎಷ್ಟು ವ್ಯಾಪಕವೆಂದು ತಿಳಿಯುತ್ತದೆ. ಕಾಫಿ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಪೌತಿ ಖಾತೆಯ ಅರ್ಜಿಯನ್ನು ಇನ್ನು ತಡಮಾಡದೆ ನಾಡಕಚೇರಿಗೆ ಕೊಡಿ.

ಉತ್ತರ 2: ರಾಜ್ಯಶಾಸ್ತ್ರದ ಅಧ್ಯಾಪಕಿ, ಹಾಸನ

ನಿಮ್ಮ ಪ್ರಶ್ನೆಗೆ ಯುರೋಪಿನ ಮೂಲ ಒಪ್ಪಂದದಲ್ಲಿಯೇ ಒಂದು ಆಧಾರವಿದೆ. ಒಕ್ಕೂಟದ ಕಾರ್ಯನಿರ್ವಹಣೆಯ ಒಪ್ಪಂದದ 208ನೇ ವಿಧಿಯು, ಅಭಿವೃದ್ಧಿಶೀಲ ದೇಶಗಳ ಮೇಲೆ ಪರಿಣಾಮ ಬೀರಬಹುದಾದ ಯಾವುದೇ ನೀತಿಯನ್ನು ಜಾರಿಗೊಳಿಸುವಾಗ ಅಭಿವೃದ್ಧಿ ಸಹಕಾರದ ಉದ್ದೇಶಗಳನ್ನು, ಮುಖ್ಯವಾಗಿ ಬಡತನ ನಿವಾರಣೆಯನ್ನು, ಗಣನೆಗೆ ತೆಗೆದುಕೊಳ್ಳಬೇಕೆಂದು ವಿಧಿಸುತ್ತದೆ. ಈ ಸುಸಂಗತಿಯ ತತ್ವವು 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದಲೂ ಇದೆ. ಅಂದರೆ ಕೃಷಿ, ವ್ಯಾಪಾರ, ಪರಿಸರ, ರಾಸಾಯನಿಕ ಎಂದು ಬೇರೆ ಬೇರೆ ಇಲಾಖೆಗಳು ಮಾಡುವ ನಿಯಮಗಳು ಬಡ ದೇಶಗಳ ಹಿತಕ್ಕೆ ವಿರುದ್ಧವಾಗಿ ಕೆಲಸ ಮಾಡಬಾರದು. ಒಂದು ಕೈಯಿಂದ ನೆರವು ಕೊಟ್ಟು ಇನ್ನೊಂದು ಕೈಯಿಂದ ಮಾರುಕಟ್ಟೆಯ ಬಾಗಿಲು ಮುಚ್ಚಿದರೆ ಈ ವಿಧಿಗೆ ಅರ್ಥ ಉಳಿಯುವುದಿಲ್ಲ.

ಆಚರಣೆಯಲ್ಲಿ ಈ ಸುಸಂಗತಿ ಎಷ್ಟಿದೆ ಎಂಬುದಕ್ಕೆ ಕೀಟನಾಶಕಗಳ ಉದಾಹರಣೆ ನೋಡಿ. ಕ್ಲೋರ್‌ಪೈರಿಫಾಸ್‌ನ ಅನುಮತಿಯನ್ನು ಒಕ್ಕೂಟವು 2020ರಲ್ಲಿ ನವೀಕರಿಸಲಿಲ್ಲ; ಆಹಾರದಲ್ಲಿ ಉಳಿಯಬಹುದಾದ ಅದರ ಶೇಷದ ಮಿತಿಯನ್ನೂ ಬಿಗಿಗೊಳಿಸಿತು. ಜನರ ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ತಮ್ಮ ಹೊಲಗಳಲ್ಲಿ ಬಳಸಲು ಬಿಡದ ಎಷ್ಟೋ ಕೀಟನಾಶಕಗಳನ್ನು ಯುರೋಪಿನ ಕಾರ್ಖಾನೆಗಳು ತಯಾರಿಸಿ ಹೊರದೇಶಗಳಿಗೆ ಮಾರುತ್ತಲೇ ಬಂದಿವೆ. ಇದನ್ನು ನಿಲ್ಲಿಸುವುದಾಗಿ ಆಯೋಗವು 2020ರ ತನ್ನ ರಾಸಾಯನಿಕ ಕಾರ್ಯತಂತ್ರದಲ್ಲಿ ಮಾತು ಕೊಟ್ಟಿತು, ಫ್ರಾನ್ಸ್ ತನ್ನದೇ ಕಾನೂನಿನ ಮೂಲಕ 2022ರಿಂದ ಇಂತಹ ರಫ್ತನ್ನು ನಿಷೇಧಿಸಿತು. ಜಾಗತಿಕ ಸುಸ್ಥಿರತೆಗೆ ಯುರೋಪ್ ಮಾಡಬಹುದಾದ ಅತ್ಯಂತ ದೊಡ್ಡ ಸಹಾಯ ಇಂಥದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ: ಪರರ ನೆಲದ ಬಗ್ಗೆ ನಿಯಮ ಮಾಡುವಷ್ಟೇ ಶ್ರದ್ಧೆಯಿಂದ ತನ್ನಿಂದ ಹೊರಹೋಗುವ ವಸ್ತುಗಳ ಬಗ್ಗೆಯೂ ನಿಯಮ ಮಾಡುವುದು.

ಉತ್ತರ 3: ಸಕಲೇಶಪುರದ ತೋಟಗಾರ

ಇಬ್ಬರೂ ಹೇಳಿದ್ದು ಸರಿ, ಆದರೆ ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆಯೇ ಇದೆ. ಈ ನಿಯಮವು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾದರಿಯಲ್ಲಿ ಕಾಡನ್ನು ವ್ಯಾಖ್ಯಾನಿಸುತ್ತದೆ: ಅರ್ಧ ಹೆಕ್ಟೇರ್‌ಗಿಂತ ಹೆಚ್ಚಿನ ವಿಸ್ತೀರ್ಣ, ಐದು ಮೀಟರ್‌ಗಿಂತ ಎತ್ತರದ ಮರಗಳು, ಶೇ. 10ಕ್ಕಿಂತ ಹೆಚ್ಚು ಮೇಲಾವರಣ (ಮರಗಳ ನೆತ್ತಿಯ ಹೊದಿಕೆ), ಮತ್ತು ಮುಖ್ಯವಾಗಿ ಕೃಷಿಗೆ ಬಳಕೆಯಾಗದ ಜಮೀನು. ನಮ್ಮ ತೋಟಗಳು ಕೃಷಿಭೂಮಿಯಾದ್ದರಿಂದ ಅವು ಈ ವ್ಯಾಖ್ಯಾನದ ಹೊರಗೆ ಉಳಿಯುತ್ತವೆ. ಹೀಗಿದ್ದರೂ ಉಪಗ್ರಹದ ಚಿತ್ರದಲ್ಲಿ ದಟ್ಟ ನೆರಳಿನ ತೋಟ ಕಾಡಿನಂತೆಯೇ ಕಾಣುವ ಸಾಧ್ಯತೆ ಇದೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿದ ವರ್ಷ ಅದು ಕಡಿದ ಕಾಡಿನಂತೆ ಕಂಡೀತು. ಯುರೋಪ್ ಪ್ರಕಟಿಸಿರುವ ಕಾಡುಗಳ ನಕ್ಷೆ ಕೇವಲ ಮಾರ್ಗದರ್ಶಿ, ಅದೇ ಅಂತಿಮ ಪುರಾವೆಯಲ್ಲ ಎಂಬುದನ್ನು ರಫ್ತುದಾರರು ಆಮದುದಾರರಿಗೆ ಒತ್ತಿ ಹೇಳಬೇಕು.

ಇದರ ಇನ್ನೊಂದು ಮುಖ ಹೆಚ್ಚು ಗಂಭೀರವಾದುದು. ತೋಟವು ಕಾಡಲ್ಲ ಎಂದ ಮೇಲೆ, ಅತ್ತಿ, ನಂದಿ, ಹಲಸು, ಹಾಲುವಾಣಗಳಿದ್ದ ತೋಟದಲ್ಲಿ ಅವನ್ನೆಲ್ಲ ತೆಗೆಸಿ ಬರೀ ಸಿಲ್ವರ್ ಓಕ್ ನೆಟ್ಟವನ ಕಾಫಿಯೂ ಅರಣ್ಯನಾಶ ಮುಕ್ತ ಎಂದೇ ಪರಿಗಣಿತವಾಗುತ್ತದೆ. ಕಾಡಿನ ಗುಣಮಟ್ಟ ಕುಸಿಯುವುದನ್ನು ಈ ನಿಯಮ ಮರದ ಉತ್ಪನ್ನಗಳ ವಿಷಯದಲ್ಲಿ ಮಾತ್ರ ನೋಡುತ್ತದೆ. ಹಕ್ಕಿ, ಜೇನು, ಮಣ್ಣಿನ ತೇವ, ಹೇಮಾವತಿಗೆ ಸೇರುವ ಹಳ್ಳಗಳು ಇವೆಲ್ಲ ಉಳಿದಿರುವುದು ಮಿಶ್ರ ನೆರಳಿನಿಂದ. ಅಂತಹ ನೆರಳನ್ನು ಉಳಿಸಿಕೊಂಡವನು ಇಳುವರಿಯಲ್ಲಿ ಸ್ವಲ್ಪ ಕಳೆದುಕೊಳ್ಳುತ್ತಾನೆ. ಸಿಲ್ವರ್ ಓಕ್ ಹಾಕಿದವನಿಗೆ ಕಾಳುಮೆಣಸಿಗೆ ನೇರವಾದ ಕಾಂಡವೂ ಸಿಗುತ್ತದೆ, ಮುಂದೆ ಮರ ಮಾರಿದರೆ ಹಣವೂ ಬರುತ್ತದೆ. ನಿಯಮದ ಮುಂದೆ ಇಬ್ಬರೂ ಸಮಾನರು. ಯುರೋಪಿನ ನೀತಿ ನಿಜವಾಗಿ ನೆರವಾಗಬೇಕಾದರೆ ನಿಷೇಧದ ಜೊತೆಗೆ ಬೆಲೆಯನ್ನೂ ಕೊಡಬೇಕು. ನಾಡಮರದ ನೆರಳಿನ ಕಾಫಿಗೆ ಹೆಚ್ಚಿನ ದರ, ಅಥವಾ ನಕ್ಷೆ ಮತ್ತು ದಾಖಲೆಯ ಖರ್ಚಿನಲ್ಲಿ ಆಮದುದಾರರ ಕಡ್ಡಾಯ ಪಾಲು, ಇವೆರಡರಲ್ಲಿ ಒಂದಾದರೂ ಇಲ್ಲದೆ ಹೊರೆ ಹಂಚಿಕೆಯಾಗುವುದಿಲ್ಲ.

ಉತ್ತರ 4: ಕ್ಯೂರಿಂಗ್ ಕೆಲಸದವನು, ಚಿಕ್ಕಮಗಳೂರು

ಒಂದು ಮಾತು ಸೇರಿಸಬೇಕು. ನಿಯಮ ಮೊದಲು 2024ರ ಡಿಸೆಂಬರ್‌ನಲ್ಲಿ ಅನ್ವಯವಾಗಬೇಕಿತ್ತು, ಒಂದು ವರ್ಷ ಮುಂದೂಡಿದರು, ಆಮೇಲೆ ಮತ್ತೆ ಮುಂದೂಡಿದರು. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದಾಗಿದೆ. ಸಮಯ ಸಿಕ್ಕಿತೆಂದು ಸಂತೋಷಪಡುವವರಿದ್ದಾರೆ, ನಾನು ಹಾಗೆ ನೋಡುವುದಿಲ್ಲ. ಮೊದಲ ಗಡುವನ್ನು ನಂಬಿ ಹಣ ಹಾಕಿ ಸಿದ್ಧರಾದವರಿಗೆ ಇದರಿಂದ ನಷ್ಟವಾಯಿತು, ಮುಂದಿನ ಗಡುವನ್ನು ಯಾರೂ ನಂಬದ ಸ್ಥಿತಿ ಬಂದಿದೆ. ದೂರದ ರೈತರನ್ನು ಕಟ್ಟಿಹಾಕುವ ಕಾನೂನಿಗೆ ಸ್ಥಿರವಾದ ದಿನಾಂಕ ಇರಲೇಬೇಕು.

ಪ್ರಶ್ನೆ ಕೇಳಿದವರು: ಮೂಡಿಗೆರೆ ಬೆಳೆಗಾರ

ಎಲ್ಲರಿಗೂ ಕೃತಜ್ಞತೆಗಳು. ಪೌತಿ ಖಾತೆಗೆ ಈ ವಾರವೇ ಅರ್ಜಿ ಕೊಡುತ್ತೇನೆ. ಬೆಳೆಗಾರರ ಸಂಘದ ಮುಂದಿನ ಸಭೆಯಲ್ಲಿ ಎರಡು ವಿಷಯ ಇಡಬೇಕೆಂದಿದ್ದೇನೆ: ಸಣ್ಣ ಬೆಳೆಗಾರರ ಸ್ಥಳ ಗುರುತಿಸುವ ಖರ್ಚನ್ನು ಖರೀದಿದಾರರು ಹಂಚಿಕೊಳ್ಳುವಂತೆ ರಫ್ತುದಾರರ ಜೊತೆ ಮಾತುಕತೆ, ಮತ್ತು ನಾಡಮರಗಳ ನೆರಳಿಗೆ ಮಾನ್ಯತೆ ಕೋರಿ 208ನೇ ವಿಧಿಯನ್ನು ಉಲ್ಲೇಖಿಸಿ ಕಾಫಿ ಮಂಡಳಿಯ ಮೂಲಕ ಆಯೋಗಕ್ಕೆ ಮನವಿ. ಹಾಸನದ ಮೇಡಂ ಅವರು ಮನವಿಯ ಕರಡನ್ನು ಒಮ್ಮೆ ನೋಡಿಕೊಟ್ಟರೆ ಉಪಕಾರವಾಗುತ್ತದೆ.