ಪದಚರ್ಚೆ: ಹಳೆಯ ಗೋವಾದ ‘ಇಗರ್ಜಿ ನಡಿಗೆ’ಗೆ ಬೇಕಾದ ಕನ್ನಡ ಮಾತುಗಳು

ಕೇಳಿಕೆ (ಕಾರವಾರದಿಂದ)

ಮಾನ್ಯರೇ,

ಬರುವ ಭಾನುವಾರ ಕಾರವಾರದಿಂದ ಹಳೆಯ ಗೋವಾಕ್ಕೆ ಹೊರಟಿರುವ ನಿವೃತ್ತ ಶಿಕ್ಷಕರ ತಂಡವೊಂದಕ್ಕೆ ಕನ್ನಡದಲ್ಲಿ ಒಂದು ಕೈಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಶುಕ್ರವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ನಡೆಯುವ ದಾರಿ ಚಿಕ್ಕದು. ಮಾಂಡವಿಯ ದಂಡೆಯಿಂದ ವೈಸರಾಯ್ ಕಮಾನನ್ನು ಹಾದು ಮೇಲೆ ಬಂದರೆ ಎಡಕ್ಕೆ ಸಂತ ಕಜೆತಾನರ ಹೆಸರಿನದು. ಬಲಕ್ಕೆ ಸೇ ಕೆಥೀಡ್ರಲ್. ಅದರ ಮಗ್ಗುಲಲ್ಲೇ ಅಸಿಸಿಯ ಸಂತ ಫ್ರಾನ್ಸಿಸರದು. ಅದರಾಚೆಗೆ ಸಂತ ಕ್ಯಾಥರೀನಳ ಚಾಪೆಲ್. ರಸ್ತೆ ದಾಟಿದರೆ ಬೊಂ ಜೀಸಸ್ ಬೆಸಿಲಿಕಾ. ಕೊನೆಗೆ ಪಶ್ಚಿಮದ ಗುಡ್ಡವನ್ನೇರಿದರೆ ಸಂತ ಆಗಸ್ಟೀನರ ಮುರಿದ ಗೋಪುರ.

ಇಷ್ಟು ಹತ್ತಿರ ಹತ್ತಿರ ನಿಂತ ಕಟ್ಟಡಗಳನ್ನೆಲ್ಲ ‘ಚರ್ಚು’ ಎಂದು ಬರೆದರೆ, ಹುಲ್ಲುಹಾಸಿನ ನಡುವೆ ನಿಂತು ಕೈಪತ್ರ ಓದುವವರಿಗೆ ಯಾವ ಬಾಗಿಲಿನ ಮಾತು ನಡೆದಿದೆ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಕೆಥೀಡ್ರಲ್, ಬೆಸಿಲಿಕಾ, ಚಾಪೆಲ್, ಕಾನ್ವೆಂಟ್ ಎಂಬ ನಾಲ್ಕಕ್ಕೂ, ಹೆರಿಟೇಜ್ ವಾಕ್ ಎಂಬುದಕ್ಕೂ ಒಂದೊಂದು ಮಾತು ಬೇಕು. ಯಾವುದಾದರೂ ಆಗಲಿ ಎಂಬ ಅವಸರ ನನ್ನದಲ್ಲ. ಕಾರಣ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಶಿರಸಿಯಿಂದ)

ಚರ್ಚಿಸುವುದಕ್ಕೆ ಇದರಲ್ಲಿ ಏನೂ ಇಲ್ಲ. ಚರ್ಚು ಎಂದರೆ ದೇವಾಲಯ, ಬೆಸಿಲಿಕಾ ಮಹಾದೇವಾಲಯ, ಚಾಪೆಲ್ ಕಿರುದೇವಾಲಯ, ಕಾನ್ವೆಂಟ್ ಮಠ. ಕೆಥೀಡ್ರಲಿಗೆ ಕನ್ನಡದ ಕಥೋಲಿಕರೇ ‘ಪ್ರಧಾನಾಲಯ’ ಎಂದು ಬಳಸುತ್ತಾರೆ. ನಡಿಗೆಯನ್ನು ಪಾರಂಪರಿಕ ಪಾದಯಾತ್ರೆ ಎನ್ನಿ. ಸಂಸ್ಕೃತದ ಧಾತುಗಳು ಕೈಯಲ್ಲಿರುವಾಗ ಯುರೋಪಿನ ಮಾತಿಗೆ ಕೈಯೊಡ್ಡುವುದು ಸಲ್ಲದು.

ಉತ್ತರ (ಕುಮಟೆಯಿಂದ)

ಒಪ್ಪುವುದಿಲ್ಲ. ಗೋವಾಕ್ಕೆ ಹೋದ ತಂಡ ಅದೇ ದಿನ ಮಂಗೇಶಿಗೂ ಶಾಂತಾದುರ್ಗೆಗೂ ಹೋಗುತ್ತದೆ. ಒಂದೇ ಹಾಳೆಯಲ್ಲಿ ಎರಡಕ್ಕೂ ದೇವಾಲಯ ಎಂದು ಬರೆದರೆ ಓದುವವರು ಏನೆಂದು ತಿಳಿಯಬೇಕು? ಚರ್ಚು ಎಂಬುದು ಈಗ ಕನ್ನಡದ ಮಾತೇ ಆಗಿದೆ. ಉಳಿದವನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಜನ ಕೇಳದ ಪದಗಳನ್ನು ಹುಟ್ಟಿಸಬೇಡಿ.

ಉತ್ತರ (ಹೊನ್ನಾವರದಿಂದ)

ಮಾನ್ಯರೇ,

ಇಬ್ಬರೂ ನಮ್ಮ ಕರಾವಳಿಯಲ್ಲಿ ಈಗಾಗಲೇ ಇರುವ ಮಾತನ್ನು ಬಿಟ್ಟು ಬರೆದದ್ದು ನನಗೆ ನಿಜವಾಗಿ ನೋವುಂಟುಮಾಡಿತು. ಕಾರವಾರದಿಂದ ಭಟ್ಕಳದವರೆಗೆ ಆ ಕಟ್ಟಡವನ್ನು ನಮ್ಮ ಹಿರಿಯರು ಕರೆದದ್ದು ‘ಇಗರ್ಜಿ’ ಎಂದು. ಪೋರ್ಚುಗೀಸಿನ ‘ಇಗ್ರೇಜ’ ಕೊಂಕಣಿಯಲ್ಲಿ ‘ಇಗರ್ಜ್’ ಆಯಿತು. ಗಕಾರಕ್ಕೆ ಒತ್ತಾಗಿದ್ದ ರಕಾರ ಸ್ವರದ ಆಚೆಗೆ ಜರುಗಿ ಜಕಾರಕ್ಕೆ ಅರ್ಕಾವೊತ್ತಾಯಿತು. ಹೊಸಗನ್ನಡ ಅದಕ್ಕೊಂದು ಇಕಾರ ಸೇರಿಸಿ ತನ್ನ ಸ್ವರಾಂತ ನಾಮಪದಗಳ ಸಾಲಿಗೆ ತಂದುಕೊಂಡಿತು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದ ನಾಲಿಗೆಗೆ ಒಗ್ಗುವ ಬಗೆಯನ್ನು ಹೇಗೆ ಗುರುತಿಸಿದನೋ, ಅದೇ ಬಗೆಯಲ್ಲಿ ಒಗ್ಗಿದ ಮಾತು ಇದು. ಸಂಸ್ಕೃತದಿಂದ ಬಂದರೆ ತದ್ಭವ, ಸಮುದ್ರದಿಂದ ಬಂದರೆ ಪರಕೀಯ ಎಂಬ ಭೇದಕ್ಕೆ ವ್ಯಾಕರಣದ ಆಧಾರವಿಲ್ಲ.

ಅರ್ಥದ ಕಡೆಯಿಂದ ನೋಡಿದರೂ ಇಗರ್ಜಿಯೇ ಮೇಲು. ಅದರ ಬೇರು ಲ್ಯಾಟಿನಿನ ಮೂಲಕ ಗ್ರೀಕಿನ ‘ಎಕ್ಲೇಸಿಯಾ’ಕ್ಕೆ, ಎಂದರೆ ಕರೆದು ಸೇರಿಸಿದ ಜನರ ಸಭೆಗೆ, ಹೋಗಿ ಮುಟ್ಟುತ್ತದೆ. ಚರ್ಚ್ ಎಂಬುದರ ಬೇರು ಗ್ರೀಕಿನ ‘ಕುರಿಯಕೋನ್’, ಒಡೆಯನಿಗೆ ಸೇರಿದ್ದು ಎಂದು. ದೇವಾಲಯ ಎಂಬ ಅನುವಾದ ಈ ಎರಡನೆಯದಕ್ಕೆ ಹತ್ತಿರವಾಗಬಹುದು, ಮೊದಲನೆಯದಕ್ಕೆ ಆಗುವುದಿಲ್ಲ. ನಮ್ಮ ಬಾಸೆಲ್ ಮಿಶನ್ನಿನ ಪರಂಪರೆಯವರು ‘ಸಭೆ’ ಎಂಬ ಮಾತನ್ನು ಬಳಸುತ್ತ ಬಂದುದನ್ನೂ ಇಲ್ಲಿ ನೆನೆಯಬೇಕು.

ಇನ್ನು ‘ಮಹಾದೇವಾಲಯ’. ಇದು ಓದುವವರನ್ನು ದಾರಿ ತಪ್ಪಿಸುತ್ತದೆ. ಬೊಂ ಜೀಸಸ್ಸಿನ ಕಟ್ಟಡ 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಗೊಂಡಿತು. ಬೆಸಿಲಿಕಾ ಎಂಬ ಗೌರವ ಅದಕ್ಕೆ ದೊರೆತದ್ದು 1946ರಲ್ಲಿ. ಆ ನಡುವಿನ ಮುನ್ನೂರ ನಲವತ್ತೊಂದು ವರ್ಷ ಅದು ಬರಿಯ ಇಗರ್ಜಿಯೇ ಆಗಿತ್ತು. ಬಿರುದು ಬಂದಾಗ ಕಟ್ಟಡ ಒಂದು ಮೊಳವೂ ಬೆಳೆಯಲಿಲ್ಲ. ಎದುರಿನ ಸೇ ಅದಕ್ಕಿಂತ ದೊಡ್ಡದು, ಆದರೆ ಬೆಸಿಲಿಕಾ ಅಲ್ಲ. ಕೈಪತ್ರದಲ್ಲಿ ‘ಮಹಾ’ ಎಂದು ಓದಿದವರು ನೇರವಾಗಿ ದೊಡ್ಡ ಕಟ್ಟಡಕ್ಕೆ ನಡೆದು ಸಂತ ಫ್ರಾನ್ಸಿಸ್ ಝೇವಿಯರರ ಪೆಟ್ಟಿಗೆಯನ್ನು ಅಲ್ಲಿ ಹುಡುಕುತ್ತಾರೆ. ಬಿರುದನ್ನು ಬಿರುದಾಗಿಯೇ ಉಳಿಸಿ, ಬೆಸಿಲಿಕಾ ಎನ್ನಿ.

ಕೆಥೀಡ್ರಲಿನ ವಿಷಯ ಇನ್ನೂ ಸ್ವಾರಸ್ಯದ್ದು. ‘ಸೇ’ ಎಂಬುದು ಲ್ಯಾಟಿನಿನ ‘ಸೇದೆಸ್’, ಆಸನ. ಕೆಥೀಡ್ರಲಿನ ಮೂಲದಲ್ಲಿರುವ ‘ಕಥೇದ್ರ’ವೂ ಆಸನವೇ. ಧರ್ಮಾಧ್ಯಕ್ಷರ (ಬಿಷಪ್ಪರ) ಪೀಠ ಎಲ್ಲಿದೆಯೋ ಅದು ಕೆಥೀಡ್ರಲ್. 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವಾವನ್ನು ಗೆದ್ದ. ಅದರ ನೆನಪಿಗೆ ಕಟ್ಟಿಸಿದ ಆ ಪುಟ್ಟ ಚಾಪೆಲ್ಲಿಗೇ 1534ರಲ್ಲಿ ಪೋಪ್ ಮೂರನೆಯ ಪೌಲರು ಕೆಥೀಡ್ರಲಿನ ಪದವಿ ಕೊಟ್ಟರು. ಈಗಿನ ಸೇ ಕಟ್ಟಲು ತೊಡಗಿದ್ದು 1562ರಲ್ಲಿ. ಎಂದಮೇಲೆ ಚಿಕ್ಕದು ದೊಡ್ಡದು ಎಂಬ ಲೆಕ್ಕ ಈ ಪದಗಳಿಗೆ ತಾಗುವುದೇ ಇಲ್ಲ. ನನ್ನ ಸಲಹೆ ‘ಪೀಠ-ಇಗರ್ಜಿ’.

ಕಾನ್ವೆಂಟಿಗೆ ಮಠ ಎಂಬುದನ್ನು ನಾನೂ ಒಪ್ಪುತ್ತೇನೆ. ಕನ್ನಡದಲ್ಲಿ ಕಾನ್ವೆಂಟು ಎಂದರೆ ಇಂಗ್ಲಿಷ್ ಮಾಧ್ಯಮದ ಶಾಲೆ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗೋವಾದ ಇಗರ್ಜಿಗಳೂ ಕಾನ್ವೆಂಟುಗಳೂ ಎಂದು ಬರೆದರೆ ಮಕ್ಕಳ ಶಾಲೆ ಕಣ್ಣಿಗೆ ಬರುತ್ತದೆ. ಆಗಸ್ಟೀನರ ಗೋಪುರದ ಬಳಿ ಇದು ಮುಖ್ಯ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಸನ್ಯಾಸಿಗಳನ್ನು ಹೊರಡಿಸಿದ ಮೇಲೆ ಆ ಮಠ ಪಾಳುಬಿತ್ತು, 1842ರಲ್ಲಿ ಇಗರ್ಜಿಯ ಕಮಾನುಛಾವಣಿ ಕುಸಿಯಿತು. ‘ಮಠ’ ಎಂದರೆ ಮಾತ್ರ ಈ ಕಾರ್ಯಕಾರಣ ಅರ್ಥವಾಗುತ್ತದೆ.

‘ಪಾರಂಪರಿಕ ಪಾದಯಾತ್ರೆ’ ಎಂದರೆ ತಲೆಮಾರುಗಳಿಂದ ನಡೆದುಬಂದ ಯಾತ್ರೆ ಎಂದಾಗುತ್ತದೆ. ಇಲ್ಲಿ ಹಳೆಯವು ಕಟ್ಟಡಗಳು. ‘ಇಗರ್ಜಿ ನಡಿಗೆ’ ಸಾಕು.

ಮರುತ್ತರ (ಶಿರಸಿಯಿಂದ)

ಮಾಸ್ತರರೇ, ‘ಪೀಠ-ಇಗರ್ಜಿ’ ಸಂಸ್ಕೃತಕ್ಕೆ ಅನ್ಯಮೂಲದ ಮಾತನ್ನು ಬೆಸೆದ ಅರಿಸಮಾಸ. ಅದನ್ನು ಅಚ್ಚು ಮಾಡಿಸಬೇಡಿ. ಇಗರ್ಜಿ ಎಂಬ ಮಾತಿನೊಂದಿಗೆ ಗೋವಾದಲ್ಲಿ ಏನೇನು ಬಂತು ಎಂಬುದು ನಿಮಗೆ ತಿಳಿಯದ್ದಲ್ಲ. 1560ರಲ್ಲಿ ಅಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ನು, ಎಂದರೆ ಮತದ್ರೋಹವನ್ನು ವಿಚಾರಿಸಿ ದಂಡಿಸುವ ನ್ಯಾಯಪೀಠ, ಮುಗಿದದ್ದು 1812ರಲ್ಲಿ. ಆಳಿದವರ ಮಾತನ್ನು ನಾವು ಗೌರವದಿಂದ ಎತ್ತಿಕೊಳ್ಳಬೇಕೆಂಬುದಕ್ಕೆ ನನ್ನ ಸಮ್ಮತಿಯಿಲ್ಲ.

ಮರುತ್ತರ (ಹೊನ್ನಾವರದಿಂದ)

ಸಮಾಸದ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಮೂಲದಲ್ಲಿ ಬೇರೆಯಾದ ಮಾತುಗಳು ಕನ್ನಡದಲ್ಲಿ ನೂರಾರು ಕಡೆ ಕೂಡಿವೆ. ಆದರೆ ಎರಡನೆಯ ಮಾತಿಗೆ ಉತ್ತರ ಕೊಡದೆ ಇರಲಾರೆ. ಇಗರ್ಜಿ ನಮ್ಮ ಜಿಲ್ಲೆಗೆ ಬಂದದ್ದು ವೈಸರಾಯನ ಆಜ್ಞೆಯಿಂದಲ್ಲ, ಗೋವಾವನ್ನು ತೊರೆದು ದಕ್ಷಿಣಕ್ಕೆ ಬಂದು ಇಲ್ಲಿ ಗದ್ದೆ ಮಾಡಿದ ಕೊಂಕಣಿ ಕ್ರೈಸ್ತ ಮನೆತನಗಳ ಬಾಯಲ್ಲಿ. ಅವರು ನಮ್ಮ ನೆರೆಯವರು. ಮೇಜು, ಚಾವಿ, ಪಗಾರ, ಬಟಾಟೆ ಇವೂ ಪೋರ್ಚುಗೀಸಿನಿಂದಲೇ ಬಂದವು. ಅವನ್ನು ಶಿರಸಿಯ ಮನೆಗಳಲ್ಲಿ ಯಾರೂ ತಳ್ಳಿಹಾಕಿಲ್ಲ. ನೆರೆಯವರು ತಮ್ಮ ಆರಾಧನೆಯ ಮನೆಯನ್ನು ಕರೆಯುವ ಹೆಸರನ್ನು ಮಾತ್ರ ತಳ್ಳುವುದು ಭಾಷಾಶುದ್ಧಿಯಲ್ಲ.

ಮರುತ್ತರ (ಕುಮಟೆಯಿಂದ)

ಇಗರ್ಜಿ ಘಟ್ಟದ ಮೇಲಿನವರಿಗೆ ತಿಳಿಯದು ಎಂಬ ನನ್ನ ಆಕ್ಷೇಪ ಹಾಗೆಯೇ ಇದೆ. ಆದರೆ ಓದುವವರು ಕಾರವಾರದವರಾದ್ದರಿಂದ ಈ ಹಾಳೆಯ ಮಟ್ಟಿಗೆ ತಕರಾರಿಲ್ಲ.

ಕೇಳಿದವರಿಂದ (ಕಾರವಾರ)

ಎಲ್ಲರಿಗೂ ಕೃತಜ್ಞತೆಗಳು. ಇಗರ್ಜಿ, ಬೆಸಿಲಿಕಾ, ಮಠ, ನಡಿಗೆ ಇವನ್ನು ಹೊನ್ನಾವರದ ಮಾಸ್ತರರು ಹೇಳಿದಂತೆ ಉಳಿಸಿಕೊಂಡಿದ್ದೇನೆ. ಕೆಥೀಡ್ರಲಿಗೆ ಶಿರಸಿಯವರ ಪ್ರಧಾನಾಲಯವನ್ನೇ ಆರಿಸಿದೆ. 1976ರಿಂದ ಕಾರವಾರವೂ ಒಂದು ಧರ್ಮಪ್ರಾಂತ್ಯವಾಗಿದ್ದು ನಮ್ಮೂರಿನಲ್ಲೇ ಒಂದು ಪ್ರಧಾನಾಲಯವಿದೆ, ಆದ್ದರಿಂದ ತಂಡದವರಿಗೆ ವಿವರಿಸುವುದು ಸುಲಭ. ಚಾಪೆಲ್ಲಿಗೆ ‘ಕಿರು ಇಗರ್ಜಿ’ ಎಂದಿದ್ದೇನೆ. ಹಾಳೆಯ ನಡುಭಾಗ ಈಗ ಹೀಗಿದೆ:

“ಬಿಳಿಯ ಗೋಡೆ, ಒಂದೇ ಗೋಪುರ ಕಾಣುವುದು ಪ್ರಧಾನಾಲಯ, ಅದರ ಇನ್ನೊಂದು ಗೋಪುರ 1776ರಲ್ಲಿ ಬಿದ್ದುಹೋಯಿತು. ರಸ್ತೆಯಾಚೆ ಗಾರೆಯಿಲ್ಲದ ಕೆಂಪು ಚಿರೆಕಲ್ಲಿನದು ಬೊಂ ಜೀಸಸ್ ಬೆಸಿಲಿಕಾ. ಹತ್ತು ವರ್ಷಕ್ಕೊಮ್ಮೆ ಸಂತರ ಶರೀರವನ್ನು ಸಾರ್ವಜನಿಕ ದರ್ಶನಕ್ಕಾಗಿ ಬೆಸಿಲಿಕಾದಿಂದ ಪ್ರಧಾನಾಲಯಕ್ಕೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ನೀವು ಈಗ ದಾಟುತ್ತಿರುವುದು ಅದೇ ದಾರಿ.”

ತಿದ್ದುಪಡಿಗಳಿದ್ದರೆ ಗುರುವಾರ ಸಂಜೆಯೊಳಗೆ ತಿಳಿಸಬೇಕಾಗಿ ವಿನಂತಿ.

ಮರುತ್ತರ (ಶಿರಸಿಯಿಂದ)

‘ಕಿರು ಇಗರ್ಜಿ’ಯಲ್ಲಿ ಸಂಧಿ ಮಾಡದೆ ಬಿಡಿಸಿ ಬರೆದದ್ದು ಸರಿ. ಉಳಿದುದಕ್ಕೆ ನನ್ನ ಅಸಮ್ಮತಿ ದಾಖಲಾಗಿರಲಿ. ಅಚ್ಚಿಗೆ ಕೊಡಿ.