ಅಕ್ಕನ ಮಕ್ಕಳಿಬ್ರು ಮೊದಲ ಸಲ ವಿದೇಶಕ್ಕೆ ಬರ್ತಿದಾರೆ, ನಮ್ಮನೇಲೇ ಇರ್ತಾರೆ, ಏನೇನು ನೋಡ್ಕೋಬೇಕು?

ಪ್ರಶ್ನೆ

ಎಲ್ರಿಗೂ ನಮಸ್ಕಾರ. ರಜೆಗೆ ನಮ್ಮಕ್ಕನ ಮಕ್ಕಳು ನಮ್ಮನೆಗೆ ಬರ್ತಿದಾರೆ, ದೊಡ್ಡವಳಿಗೆ 16, ಚಿಕ್ಕವನಿಗೆ 11, ಇಬ್ರೂ ಇದುವರೆಗೂ ವಿಮಾನಾನೇ ಹತ್ತಿಲ್ಲ. ಅಕ್ಕ ಭಾವ ಇಬ್ರಿಗೂ ರಜೆ ಸಿಗ್ತಿಲ್ಲ ಹಾಗಾಗಿ ಮಕ್ಕಳಿಬ್ರೇ ಬರ್ಬೇಕು, ಮಧ್ಯ ಒಂದು ಕಡೆ ಫ್ಲೈಟ್ ಬೇರೆ ಬದಲಾಯಿಸ್ಬೇಕು. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ. ಅವ್ರು ಬಂದ ಮಾರನೇ ದಿನದಿಂದ್ಲೇ ದಿನಕ್ಕೊಂದು ಜಾಗ ಅಂತ ಪಟ್ಟಿ ಮಾಡಿಟ್ಟಿದೀನಿ, ನಮ್ಮನೆಯವ್ರು ಇಷ್ಟು ಸುತ್ತಿಸಿದ್ರೆ ಮಕ್ಕಳು ಸುಸ್ತಾಗ್ತಾರೆ ಅಂತಾರೆ, ನಂಗೆ ಮತ್ತೆ ಯಾವಾಗ ಬರ್ತಾರೋ ಇರೋಷ್ಟು ದಿನ ಎಲ್ಲಾ ತೋರಿಸ್ಬಿಡೋಣ ಅಂತ ಆಸೆ. ಮಕ್ಕಳನ್ನ ಹೀಗೆ ಕರೆಸ್ಕೊಂಡವ್ರು ಯಾರಾದ್ರೂ ಇದ್ರೆ ಹೇಳಿ.

ಉತ್ತರ

ಮೇಡಂ, ಜಾಗದ ಪಟ್ಟಿ ಆಮೇಲೆ, ಮೊದ್ಲು ಟಿಕೆಟ್ ವಿಷ್ಯ. 11 ವರ್ಷದ ಹುಡುಗನ ಜೊತೆ 16ರ ಅಕ್ಕ ಇದಾಳೆ ಅನ್ನೋದನ್ನ ಕೆಲವು ಏರ್‌ಲೈನ್ ಒಪ್ತವೆ, ಕೆಲವು ಕಡೆ ಜೊತೆಗಿರೋರಿಗೆ 18 ಆಗಿರ್ಲೇಬೇಕು, ಹಾಗಾಗಿ ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಇಬ್ರ ವಯಸ್ಸೂ ಹೇಳಿ ಕೇಳಿ. ಒಪ್ಪದೇ ಇದ್ರೆ ಒಂಟಿಯಾಗಿ ಬರೋ ಮಕ್ಕಳಿಗೆ ಅಂತ ಸರ್ವಿಸ್ ಇರುತ್ತೆ, ಸಿಬ್ಬಂದಿಯವ್ರೇ ಕರ್ಕೊಂಡು ಬಂದು ನಿಮ್ಮ ಕೈಗೆ ಒಪ್ಪಿಸ್ತಾರೆ, ಆದ್ರೆ ಫಾರ್ಮಲ್ಲಿ ಯಾರ ಹೆಸ್ರು ಬರ್ದಿರ್ತಾರೋ ಅವ್ರೇ ಗುರುತಿನ ಚೀಟಿ ಹಿಡ್ಕೊಂಡು ಹೋಗ್ಬೇಕು, ನೀವು ಬ್ಯುಸಿ ಅಂತ ನಿಮ್ಮನೆಯವ್ರನ್ನ ಕಳ್ಸಿದ್ರೆ ನಡೆಯಲ್ಲ. ಫ್ಲೈಟ್ ಬದಲಾಯಿಸೋವಾಗ ಎರಡೂ ಒಂದೇ ಕಂಪನೀದು ಒಂದೇ ಟಿಕೆಟಲ್ಲಿ ಇರೋ ಹಾಗೆ ನೋಡ್ಕೊಳ್ಳಿ, ಬೇರೆ ಬೇರೆ ಆದ್ರೆ ಈ ಸರ್ವಿಸ್ ಸಾಮಾನ್ಯವಾಗಿ ಸಿಗಲ್ಲ.

ಇನ್ನೊಂದು, ಅಪ್ಪ ಅಮ್ಮ ಇಬ್ರೂ ಸೈನ್ ಮಾಡಿದ ಒಪ್ಪಿಗೆ ಪತ್ರ ನೋಟರಿ ಮಾಡ್ಸಿ ಕೊಡ್ಲಿ, ಅದ್ರಲ್ಲಿ ನಿಮ್ಮ ಹೆಸ್ರು, ವಿಳಾಸ, ಫೋನ್ ನಂಬರ್, ಬರೋ ಹೋಗೋ ತಾರೀಕು ಎಲ್ಲಾ ಇರ್ಲಿ. ಎಲ್ಲಾ ದೇಶದಲ್ಲೂ ಕೇಳಲ್ಲ, ಕೇಳಿದಾಗ ಇಲ್ಲ ಅಂದ್ರೆ ಮಾತ್ರ ಮಕ್ಕಳು ಇಮಿಗ್ರೇಷನ್ ಹತ್ರ ನಿಂತೇ ಇರ್ಬೇಕಾಗುತ್ತೆ. ಪಾಸ್‌ಪೋರ್ಟ್ ಇನ್ನೂ 6 ತಿಂಗಳಾದ್ರೂ ಚಾಲ್ತಿ ಇರ್ಬೇಕು ಅಂತ ತುಂಬಾ ದೇಶಗಳ ರೂಲ್ಸ್, ಅದನ್ನೂ ಈಗ್ಲೇ ನೋಡಿ.

ಉತ್ತರ

ನಿಮ್ಮನೆಯವ್ರು ಹೇಳಿದ್ದೇ ಸರಿ ಅನ್ಸುತ್ತೆ ನಂಗೆ. ಟೈಮ್ ವ್ಯತ್ಯಾಸಕ್ಕೆ ಮೈ ಹೊಂದ್ಕೊಳ್ಳೋದು ಸುಮಾರಾಗಿ ದಿನಕ್ಕೆ ಒಂದು ಗಂಟೆ ಲೆಕ್ಕ, ಪೂರ್ವದ ಕಡೆಗೆ ಬಂದ್ರೆ ಇನ್ನೂ ಕಷ್ಟ. ಮೊದಲ ಕೆಲವು ದಿನ ಖಾಲಿ ಬಿಡಿ, ಹಗಲಲ್ಲಿ ಬೆಳಕಿಗೆ ಹೊರಗಡೆ ಓಡಾಡಿಸಿ, ಮಧ್ಯಾಹ್ನ ಕಣ್ಣೆಳೀತಿದೆ ಅಂದ್ರೆ ಸ್ವಲ್ಪ ಹೊತ್ತು ಮಲಗ್ಲಿ ಆದ್ರೆ ಸಾಯಂಕಾಲದವರೆಗೂ ಬಿಡ್ಬೇಡಿ. ಪಕ್ಕದ ಪಾರ್ಕು, ಲೈಬ್ರರಿ, ಬಸ್ ಸ್ಟಾಪ್, ಇಷ್ಟೇ ಸಾಕು, ಹೊಸ ದೇಶ ಅಂದ್ರೆ ಅವ್ರಿಗೆ ಬಸ್ಸೂ ಹೊಸದೇ ಅಲ್ವಾ. ಆಮೇಲೆ ಪಟ್ಟಿ ಅವ್ರ ಕೈಗೆ ಕೊಟ್ಟು ಆರಿಸ್ಕೊಳ್ಳಿ ಅನ್ನಿ. ದೊಡ್ಡವಳಿಗೆ ಮ್ಯಾಪ್ ನೋಡಿ ದಾರಿ ಹುಡುಕೋ ಕೆಲ್ಸ ಕೊಡಿ, ನೀವು ಹಿಂದೆ ನಡೀರಿ. ಆ ವಯಸ್ಸಲ್ಲಿ ನಾನೇ ದಾರಿ ಹುಡುಕಿದೆ ಅನ್ನೋ ಧೈರ್ಯ ಬಂದ್ರೆ ಅದಕ್ಕಿಂತ ದೊಡ್ಡ ಜಾಗ ಯಾವ್ದೂ ತೋರಿಸ್ಬೇಕಿಲ್ಲ ನೀವು.

ರಸ್ತೆ ದಾಟೋದು ಮಾತ್ರ ಮೊದಲ ದಿನಾನೇ ಕೈ ಹಿಡ್ದು ಕಲಿಸಿ. ಗಾಡಿ ಓಡೋ ಬದಿ ಬೇರೆ ಆದ್ರೆ ಅಭ್ಯಾಸಕ್ಕೆ ತಪ್ಪು ಕಡೆಗೇ ಮೊದ್ಲು ನೋಡ್ತಾರೆ.

ಉತ್ತರ

ನಾನು ಹೈಸ್ಕೂಲಲ್ಲಿದ್ದಾಗ ಹೀಗೇ ಚಿಕ್ಕಪ್ಪನ ಮನೆಗೆ ಹೋಗಿದ್ದೆ, ಹಾಗಾಗಿ ಮಕ್ಕಳ ಕಡೆಯಿಂದ ಹೇಳ್ತೀನಿ. ಎಷ್ಟೇ ಹತ್ರದ ಸಂಬಂಧ ಆದ್ರೂ ಬೇರೆಯವ್ರ ಮನೇಲಿ ಕೇಳೋಕೆ ಸಂಕೋಚ, ಹಸಿವಾದ್ರೂ ಚಳಿ ಆದ್ರೂ ಬಾಯಿ ಬಿಡಲ್ಲ. ಬಿಸಿನೀರು ಹೇಗೆ ಬರುತ್ತೆ, ಬಾಗಿಲು ಲಾಕ್ ಹೇಗೆ ತೆಗೀಬೇಕು, ಬಟ್ಟೆ ಎಲ್ಲಿ ಹಾಕ್ಬೇಕು ಅಂತ ಬಂದ ತಕ್ಷಣ ತೋರಿಸಿ, ಅಡುಗೆಮನೇಲಿ ಕೇಳದೇನೇ ತಗೋಬಹುದಾದ್ದು ಇದು ಅಂತ ಒಂದು ಶೆಲ್ಫ್ ಬಿಟ್ಕೊಡಿ. ಸ್ವಲ್ಪ ಅಲ್ಲಿನ ದುಡ್ಡು ಅವ್ರ ಕೈಗೇ ಕೊಡಿ, ಲೆಕ್ಕ ಕೇಳ್ಬೇಡಿ. ನಿಮ್ಮ ವಿಳಾಸ ಮತ್ತೆ ನಂಬರ್ ಕಾಗದದಲ್ಲಿ ಬರ್ದು ಇಬ್ರ ಹತ್ರಾನೂ ಇರ್ಲಿ, ಏರ್‌ಪೋರ್ಟ್ ವೈಫೈ ಎಷ್ಟೋ ಕಡೆ ಓಟಿಪಿ ಕೇಳುತ್ತೆ, ರೋಮಿಂಗ್ ಇಲ್ದಿದ್ರೆ ಆ ಓಟಿಪಿ ಬರಲ್ಲ. ರಾತ್ರಿ ಅಮ್ಮನ ನೆನಪಾಗಿ ಚಿಕ್ಕವನು ಅತ್ರೆ ಗಾಬರಿ ಆಗ್ಬೇಡಿ, ಅಷ್ಟು ಖರ್ಚು ಮಾಡಿ ಕರೆಸಿದೀವಿ ಅನ್ನೋ ಮಾತು ಮಾತ್ರ ಅವ್ನ ಕಿವಿಗೆ ಬೀಳ್ದೇ ಇರ್ಲಿ.

ಪ್ರಶ್ನೆ ಕೇಳಿದವರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೊದಲ ವಾರದ ಪಟ್ಟಿ ಪೂರ್ತಿ ತೆಗೆದ್ಬಿಟ್ಟೆ. ಚಿಕ್ಕವನಿಗೆ ಉಬ್ಬಸ ಇದೆ, ಇನ್ಹೇಲರ್ ತಗೋತಾನೆ, ಅದಕ್ಕೇನಾದ್ರೂ ಬೇಕಾ?

ಉತ್ತರ

ಇದನ್ನ ಮೊದ್ಲೇ ಹೇಳಿದ್ದು ಒಳ್ಳೇದಾಯ್ತು. ಇನ್ಹೇಲರ್ ಕೈಚೀಲದಲ್ಲೇ ಇರ್ಬೇಕು, ಚೆಕ್ ಇನ್ ಬ್ಯಾಗಲ್ಲಿ ಬೇಡ, ಅಕ್ಕನ ಹತ್ರ ಇನ್ನೊಂದು ಇರ್ಲಿ, ಡಾಕ್ಟರ್ ಚೀಟಿ ಇಂಗ್ಲಿಷಲ್ಲಿ ಬರೆಸಿ ಔಷಧಿ ಪ್ಯಾಕ್ ಸಮೇತ ತರ್ಲಿ. ಟ್ರಾವೆಲ್ ಇನ್ಶೂರೆನ್ಸಲ್ಲಿ ಉಬ್ಬಸ ಇದೆ ಅಂತ ಬರೀಲೇಬೇಕು, ಮುಚ್ಚಿಟ್ರೆ ಕ್ಲೇಮ್ ತಳ್ಳಿ ಹಾಕ್ತಾರೆ, ಮೊದ್ಲಿಂದ ಇರೋ ಕಾಯಿಲೆಗೆ ಎಷ್ಟು ಕೊಡ್ತಾರೆ ಅನ್ನೋ ಭಾಗ ಓದಿ ತಗೊಳ್ಳಿ. ಮುಖ್ಯವಾಗಿ, ನೀವು ಚಿಕ್ಕಮ್ಮ ಆದ್ರೂ ಕಾನೂನು ಪ್ರಕಾರ ಪೋಷಕರಲ್ಲ, ಆಸ್ಪತ್ರೇಲಿ ತಂದೆ ತಾಯಿ ಒಪ್ಪಿಗೆ ಕೇಳ್ಬಹುದು. ಚಿಕಿತ್ಸೆಗೆ ಒಪ್ಪಿಗೆ ಕೊಡೋ ಅಧಿಕಾರ ನಿಮಗಿದೆ ಅಂತ ಒಂದು ಪತ್ರ ಬೇರೇನೇ ಮಾಡ್ಸಿ, ನೋಟರಿ ಹತ್ರ ಹೋದಾಗ ಎರಡೂ ಒಟ್ಟಿಗೇ ಆಗುತ್ತೆ. ಅದ್ರ ಫೋಟೋ ನಿಮ್ಮ ಫೋನಲ್ಲೂ ನಿಮ್ಮನೆಯವ್ರ ಫೋನಲ್ಲೂ ಇರ್ಲಿ.