ಶೀಘ್ರಲಿಪಿ ಅಂದರೆ ಬೇಗ ಬೇಗ ಬರೆಯೋದಾ?

ಪ್ರಶ್ನೆ – ಶಿರಸಿ

ನಮ್ಮೂರಿನ ಸಹಕಾರಿ ಸಂಘದಲ್ಲಿ ಕ್ಲರ್ಕ್ ಆಗಿದ್ದೇನೆ. ಮೀಟಿಂಗ್‌ನಲ್ಲಿ ನಡಾವಳಿ ಬರೆದುಕೊಳ್ಳುವ ಕೆಲಸ ನನ್ನದು. ಒಬ್ಬರು ಅಡಿಕೆ ಸಾಲದ ಮಾತು ಮುಗಿಸುವುದರೊಳಗೆ ಇನ್ನೊಬ್ಬರು ಗೊಬ್ಬರದ ಸುದ್ದಿ ಎತ್ತುತ್ತಾರೆ. ಕೈ ಓಡುವುದಿಲ್ಲ. ಸರಕಾರಿ ಹುದ್ದೆಯ ಜಾಹೀರಾತಿನಲ್ಲಿ ‘ಶೀಘ್ರಲಿಪಿಗಾರರು’ ಅಂತ ನೋಡಿದೆ. ಏನದು? ನಾನು ಕಲಿತರೆ ಉಪಯೋಗ ಆಗುತ್ತಾ?

ಉತ್ತರ – ಕಾರವಾರ

ತಂಗಿ, ಅದು ಬೇರೆಯೇ ಲಿಪಿ. ನಾನು ಕಾರವಾರದಲ್ಲಿ ಸ್ಟೆನೋ, ಅಂದರೆ ಶೀಘ್ರಲಿಪಿಗಾರ, ಆಗಿದ್ದು ರಿಟೈರ್ ಆದವನು. ಕಲಿತದ್ದು ಇಂಗ್ಲಿಷಿನ ಪಿಟ್‌ಮನ್ ಪದ್ಧತಿ. ಐಸಾಕ್ ಪಿಟ್‌ಮನ್ ಅದನ್ನು ಮೊದಲು ಅಚ್ಚು ಹಾಕಿಸಿದ್ದು 1837ರಲ್ಲಿ. ಅದರಲ್ಲಿ ಸ್ಪೆಲಿಂಗ್ ನೋಡುವುದಿಲ್ಲ, ಕಿವಿಗೆ ಬಿದ್ದ ಸದ್ದಿಗೆ ಗೆರೆ ಎಳೆಯುವುದು. ‘ಬಿಲ್’ ಅನ್ನಲು ಬಕಾರದ ಗೆರೆಯನ್ನು ಒತ್ತಿ ಎಳೆದು ಲಕಾರದ ಕೊಂಕು ಸೇರಿಸಿದರೆ ಮುಗಿಯಿತು. ಅದೇ ಗೆರೆ ತೆಳ್ಳಗೆ ಬಂದರೆ ‘ಪಿಲ್’! ಸ್ವರ ಹಾಕದಿದ್ದರೂ ಓದಬಹುದು. ಗೆರೆ ಸಾಲಿಗಿಂತ ಮೇಲಿದ್ದರೆ ‘ಬಾಲ್’, ಸಾಲಿಗೆ ತಾಗಿ ಕೂತರೆ ‘ಬೆಲ್’, ಸಾಲನ್ನು ಸೀಳಿದರೆ ‘ಬಿಲ್’. ಎಷ್ಟು ಚೆಂದದ ವಿದ್ಯೆ ನೋಡು. ಪೆನ್ಸಿಲ್ ಮೊನೆ ಮಾತ್ರ ಸರಿಯಿರಬೇಕು.

ಕನ್ನಡಕ್ಕೂ ಶೀಘ್ರಲಿಪಿ ಇದೆ, ಪರೀಕ್ಷೆಯೂ ಇದೆ. ಆ ನೌಕರಿಯ ಆಸೆ ಇದ್ದರೆ ಖಂಡಿತ ಕಲಿ. ಆದರೆ ತಿಂಗಳುಗಟ್ಟಲೆ ದಿನಾ ಡಿಕ್ಟೇಶನ್ ತಗೊಳ್ಳಬೇಕು. ಬರೀ ನಡಾವಳಿಗಾದರೆ ಅಷ್ಟೆಲ್ಲ ಬೇಡ. ಪದೇ ಪದೇ ಬರುವ ಮಾತಿಗೆ ನಿನ್ನದೇ ಗುರುತು ಇಟ್ಟುಕೋ. ಠರಾವು, ಮೊತ್ತ, ಸೂಚಕರು, ಅನುಮೋದಕರು – ಇವನ್ನು ಮಾತ್ರ ಪೂರ್ತಿ ಬರಿ.

ಉತ್ತರ – ಶಿರಸಿ, ಅಡಿಕೆ ವ್ಯಾಪಾರ

ಅಣ್ಣ ಹೇಳಿದ್ದು ಸರಿ. ಟೆಂಡರ್ ದಿನ ನಾವೂ ಅಡಿಕೆಯ ಬಗೆಗಳಿಗೆ ಗುರುತು ಇಟ್ಟು, ರಾಶಿಗೆ ‘ರಾ’, ಚಾಲಿಗೆ ‘ಚಾ’ ಅಂತ ಬರೆದುಕೊಳ್ಳುತ್ತೇವೆ. ಬೆಟ್ಟೆಗೆ ‘ಬೆ’, ಬಿಳಿಗೋಟಿಗೆ ‘ಬಿ’ ಅಂತ ಇಟ್ಟರೆ ಮಾತ್ರ ಕಷ್ಟ. ಗಡಿಬಿಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ದರ ಅದಲುಬದಲಾಗುತ್ತದೆ. ಬಿಳಿಗೋಟಿಗೆ ‘ಗೋ’ ಇಡಿ, ಕೆಂಪುಗೋಟಿಗೆ ‘ಕೆಂ’.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಸಾಲಕ್ಕೂ ‘ಸಾ’, ಸಾಮಾನ್ಯ ಸಭೆಗೂ ‘ಸಾ’ ಬರುತ್ತದಲ್ಲ, ಏನು ಮಾಡಲಿ?

ಉತ್ತರ – ಕಾರವಾರ

‘ಸಭೆ’ ಅಂತಲೇ ಬರಿ, ಚಿಕ್ಕದೇ ಅಲ್ವಾ. ಸಾಲದ ಮಾತು ಬಂದಾಗ ಸುಮ್ನೆ ಒಂದು ಸುತ್ತು ಹಾಕಿ ಒಳಗೆ ಮೊತ್ತ ಬರಿ. ಅವತ್ತೇ ಸಂಜೆ ಕೂತು ಎಲ್ಲ ಬಿಡಿಸಿ ಬರೆದುಬಿಡು. ತಡ ಮಾಡಿದರೆ ನಿನ್ನ ಗುರುತು ನಿನಗೇ ತಿಳಿಯುವುದಿಲ್ಲ. ಹಾಳೆಯ ಬಲಗಡೆ ಅರ್ಧ ಖಾಲಿ ಬಿಟ್ಟಿರು, ಬಿಟ್ಟುಹೋದದ್ದನ್ನು ಅಧ್ಯಕ್ಷರನ್ನು ಕೇಳಿ ಅಲ್ಲೇ ಸೇರಿಸಬಹುದು.